ಎಡಗೆನ್ನೆ

ಮೊದಲು ಪ್ಲಾಸ್ಟಿಕ್ ಹಾಳೆ ಬಿಚ್ಚಬೇಕು, ಆಮೇಲೆ ಗೋಣಿಯ ತುಂಡು, ಕೊನೆಗೆ ಹಳೆಯ ಹತ್ತಿ ಬಟ್ಟೆ. ಹತ್ತಿ ಬಟ್ಟೆಯನ್ನು ಎಳೆಯಬಾರದು. ಅದು ಮೂಗಿನ ತುದಿಗೂ ಕಿವಿಯ ಅಂಚಿಗೂ ಅಂಟಿಕೊಂಡಿರುತ್ತದೆ. ಎಳೆದರೆ ಮಣ್ಣೂ ಜೊತೆಗೆ ಬರುತ್ತದೆ. ಕೆಳಗಿನಿಂದ ಸುರುಳಿ ಸುತ್ತುತ್ತ ಮೇಲಕ್ಕೆ ಹೋಗಬೇಕು. ಗೋಣಿಯನ್ನೂ ಬಟ್ಟೆಯನ್ನೂ ಬಕೆಟ್ಟಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ, ಮತ್ತೆ ಹೊದಿಸಬೇಕು. ನಡುವೆ ಮುಖ ಬಯಲಾಗಿರುವ ಎರಡು ನಿಮಿಷದಲ್ಲಿ ಅಂಗೈಗೆ ನೀರು ತೆಗೆದುಕೊಂಡು ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಸವರಬೇಕು.

ಆಗ ನಾನೂ ಮಾತಾಡುವುದಿಲ್ಲ, ಅಪ್ಪನೂ ಮಾತಾಡುವುದಿಲ್ಲ. ಅವನು ಮೂಲೆಯಲ್ಲಿ ಚಹಾದ ಲೋಟ ಹಿಡಿದು ನನ್ನ ಕೈಯನ್ನೇ ನೋಡುತ್ತ ಕೂತಿರುತ್ತಾನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹನ್ನೊಂದು ತಿಂಗಳಿಂದ ಒಂದು ಹೊತ್ತೂ ತಪ್ಪಿಲ್ಲ. ತಪ್ಪಿದರೆ ಮಣ್ಣು ಒಣಗುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿದರೆ ಅಮ್ಮ ಇನ್ನೊಂದು ಸಲ ಹೋದ ಹಾಗೆ.

ಈ ಕೋಣೆಗೆ ಕಿಟಕಿಯಿದೆ, ತೆಗೆಯುವಂತಿಲ್ಲ. ಗಾಳಿ ಬಂದರೆ ಮಣ್ಣು ಒಣಗುತ್ತದೆಂದು ಅಪ್ಪ ಅದಕ್ಕೆ ಗೋಣಿ ಹೊಡೆದಿದ್ದಾನೆ. ಬಾಗಿಲಿಗೆ ಒದ್ದೆ ಕಂಬಳಿ. ಬೆಳಕು ಬರುವುದು ಚಾವಣಿಯ ಗಾಜಿನಿಂದ ಮಾತ್ರ, ಅದೂ ನೇರವಾಗಿ ಬೀಳುವುದು ಮಧ್ಯಾಹ್ನ ಮೂರರಿಂದ ಐದರವರೆಗೆ. ಆ ಎರಡು ಗಂಟೆ ನಾನು ಸ್ಟೂಲಿನ ಮೇಲೆ ಕೂರಬೇಕು. ಸ್ಟೂಲು ಜರುಗದಂತೆ ಅದರ ನಾಲ್ಕು ಕಾಲಿನ ಸುತ್ತಲೂ ನೆಲಕ್ಕೆ ಮರದ ತುಂಡು ಹೊಡೆದಾಗಿದೆ. ಹೆಗಲ ಮೇಲೆ ಅಮ್ಮನ ಬೂದು ಶಾಲು. ಕೂದಲು ಅಮ್ಮನ ಹಾಗೆ ಹಿಂದಕ್ಕೆ ಬಾಚಿ ಗಂಟು. ಎದುರು ಗೋಡೆಯಲ್ಲಿ ಒಂದು ಮೊಳೆಯಿದೆ, ನನ್ನ ಕಣ್ಣು ಅದರ ಮೇಲಿರಬೇಕು. ಅದರ ತಲೆ ಎಷ್ಟು ಸೊಟ್ಟಗಿದೆ, ತುಕ್ಕು ಯಾವ ಕಡೆಯಿಂದ ಹಿಡಿಯುತ್ತ ಬಂತು, ಎಲ್ಲ ನನಗೆ ಗೊತ್ತು. ಅಷ್ಟು ಹೊತ್ತು ನಾನು ಯಾವ ಮನುಷ್ಯರ ಮುಖವನ್ನೂ ನೋಡಿಲ್ಲ.

ಅಪ್ಪ ಶಿಲ್ಪಿಯಲ್ಲ, ಅಚ್ಚಿನ ಕೆಲಸದವನು. ಚಾವಣಿಯಲ್ಲಿ ದೀಪದ ಸುತ್ತ ಅಂಟಿಸುವ ಪ್ಲಾಸ್ಟರ್ ಹೂವು, ಗೋಡೆಯ ಮೇಲಂಚಿಗೆ ಓಡುವ ಬಳ್ಳಿ, ಇಂಥವನ್ನು ಮೂವತ್ತು ವರ್ಷದಿಂದ ಎರಕ ಹೊಯ್ದು ಕೊಡುತ್ತಿದ್ದಾನೆ. ಒಂದು ಹೂವಿಗೂ ಇನ್ನೊಂದು ಹೂವಿಗೂ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ, ಅದೇ ಅವನ ಹೆಮ್ಮೆ. "ಕಣ್ಣನ್ನ ನಂಬಿ ಕೆಟ್ಟೋರು ಬೀದಿ ತುಂಬ ಇದಾರೆ. ಅಳತೆ ನಂಬಿ ಕೆಟ್ಟೋನು ಒಬ್ಬನ್ನ ತೋರ್ಸು ನೋಡೋಣ" ಎನ್ನುತ್ತಾನೆ.

ಅಮ್ಮ ಹೋಗಿ ಒಂದು ವರ್ಷವಾದ ಮೇಲೆ ಅವಳ ಮುಖ ಮಾಡಬೇಕೆಂದು ಅವನಿಗೆ ಹೊಳೆಯಿತು. ಅಲ್ಲಿಯವರೆಗೆ ಅವನು ಅವಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಫೋಟೊ ನೋಡೋಣವೆಂದರೆ ಇದ್ದದ್ದು ಒಂದೇ, ಗುರುತಿನ ಚೀಟಿಯದು. ಅದರಲ್ಲಿ ಅಮ್ಮ ಯಾರೋ ಬೈದ ಹಾಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾಳೆ.

"ಹೋದವಳ ಅಳತೆ ಎಲ್ಲಿಂದ ತರ್ಲಿ?" ಎಂದು ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಎಲ್ಲಿಂದ ಯಾಕೋ ತರ್ತೀಯ? ಕಣ್ಣೆದುರಿಗೇ ಕೂತಿದೆಯಲ್ಲ ಗೂಬೆ. ಅಚ್ಚು ಅವರಮ್ಮನೇ" ಎಂದಳು ಅತ್ತೆ. ಅವಳು ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ಮನೆ ನೋಡಿಕೊಳ್ಳಲು ಬಂದು ನಮ್ಮಲ್ಲೇ ಉಳಿದಿದ್ದಾಳೆ. ಗೂಬೆ ಅಂದರೆ ನಾನು. ಮಾತಾಡದೆ ಕಣ್ಣು ಬಿಟ್ಟುಕೊಂಡು ನೋಡುತ್ತ ಕೂರುತ್ತೇನೆಂದು ಅವಳೇ ಇಟ್ಟ ಹೆಸರು.

ಅಚ್ಚು ಅಮ್ಮನೇ ಎಂದು ಎಲ್ಲರೂ ನನಗೆ ಹೇಳುತ್ತಿದ್ದರು. ಹೇಳಿದವರು ಹೇಳಿ ಮರೆತುಬಿಡುತ್ತಾರೆ. ಅಪ್ಪ ಮರೆಯಲಿಲ್ಲ. ಮಾರನೆಯ ದಿನವೇ ಕ್ಯಾಲಿಪರ್ ಕೊಂಡು ತಂದ. ಎರಡು ಬಾಗಿದ ಕಾಲಿನ ಕಬ್ಬಿಣದ ಸಾಧನ, ತುದಿಗಳು ತಣ್ಣಗೆ ಕೆನ್ನೆಗೆ ತಾಗುತ್ತವೆ. ನನ್ನ ಮುಖದಲ್ಲಿ ಅಳೆಯುವುದು, ಮಣ್ಣಿನ ಮೇಲೆ ಗುರುತು ಹಾಕುವುದು. ಎರಡು ತಿಂಗಳ ಕೆಲಸ ಎಂದಿದ್ದ. ಆದರೆ ನಾನು ಪ್ಲಾಸ್ಟರ್ ಹೂವಲ್ಲವಲ್ಲ, ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುತ್ತಿರಲಿಲ್ಲ.

"ಕೆನ್ನೆ ಇಳಿದಿದೆ!" ಎಂದು ಕೂಗುತ್ತಾನೆ ಅಪ್ಪ. "ಅಕ್ಕಾ, ಇವಳಿಗೆ ಊಟ ಹಾಕ್ತಿದೀಯೋ ಇಲ್ವೋ?"

ಅಡುಗೆಮನೆಯಿಂದಲೇ ಅತ್ತೆಯ ಉತ್ತರ ಬರುತ್ತದೆ. "ಹಾಕ್ದೆ ಇನ್ನೇನು ನಾನೇ ತಿಂತಿದೀನಾ? ಬೆಳಿಗ್ಗೆ ಎರಡು ಮೊಟ್ಟೆ ತುರುಕಿದೀನಿ. ಅದು ಕೆನ್ನೆಗೆ ಹೋಗತ್ತೋ ಕಾಲಿಗೆ ಹೋಗತ್ತೋ ನನ್ನ ಕೇಳಿ ಹೋಗತ್ತಾ?"

ಅಣ್ಣ ಕಂಬಳಿ ಸರಿಸಿ ತಲೆ ತೂರಿಸುತ್ತಾನೆ. ಅವನು ಒಂದು ಕಾಗದದ ಕಂಪನಿಯ ವ್ಯಾನ್ ಓಡಿಸುತ್ತಾನೆ. "ಅಪ್ಪಾ, ಹೋದ ವಾರ ಇವಳಿಗೆ ನೆಗಡಿ, ಮೂಗು ಒಂದು ನೂಲು ದಪ್ಪ ಇತ್ತು. ಅದನ್ನೂ ಅಮ್ಮನಿಗೆ ಅಂಟಿಸ್ದೆ ತಾನೇ?"

"ಬಾಗ್ಲು ಹಾಕೋ! ಗಾಳಿ!"

ನನಗೆ ನಗು ಬರುತ್ತದೆ. "ಬಾಯಿ! ಬಾಯಿ!" ಎನ್ನುತ್ತಾನೆ ಅಪ್ಪ. ನಾನು ಮೊಳೆಯನ್ನು ನೋಡುತ್ತೇನೆ.

ಬಿಸಿಲಿಗೆ ಹೋಗಬಾರದು, ಚರ್ಮ ಬಿಗಿಯುತ್ತದೆ. ಕೂದಲು ಕತ್ತರಿಸಬಾರದು. ಹುಬ್ಬು ಮುಟ್ಟಬಾರದು. ಒಂದು ಸಲ ಬಾಗಿಲಿಗೆ ಹಣೆ ಬಡಿದು ಬೋರೆ ಬಂದಾಗ ಅಪ್ಪ ಮೊದಲು ಓಡಿದ್ದು ಮಣ್ಣಿನ ಹತ್ತಿರ, ಹಣೆಯ ಗುರುತು ಸರಿಯಾಗಿ ಹಾಕಿದ್ದೇನೋ ಇಲ್ಲವೋ ನೋಡಲು. ಆಮೇಲೆ ಬಂದು ನನ್ನ ಬೋರೆಗೆ ತಣ್ಣೀರು ಹಚ್ಚಿದ. ಅವನು ಕೆಟ್ಟವನಲ್ಲ. ನೀರು ಹಚ್ಚುವಾಗ ಅವನ ಕಣ್ಣಲ್ಲೂ ನೀರಿತ್ತು. ಅದು ಯಾರಿಗೆಂದು ನಾನು ಕೇಳಲಿಲ್ಲ.

ಅಪ್ಪನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆ ಮಣ್ಣಿನ ಮುಖ ಅಮ್ಮನದಲ್ಲ.

ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅಪ್ಪ, ಅಣ್ಣ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಸ್ಕೂಲು ಬಿಟ್ಟದ್ದು ನಾನು. ಮೂರು ವರ್ಷ ದಿನಕ್ಕೆರಡು ಸಲ ಬಿಸಿನೀರಿನ ಬಟ್ಟೆಯಲ್ಲಿ ಅವಳ ಮುಖ ಒರೆಸಿದ್ದೇನೆ. ಅವಳಿಗೆ ಎಡಗಡೆ ನಾಲ್ಕು ದವಡೆ ಹಲ್ಲು ಇರಲಿಲ್ಲ, ಕಾಯಿಲೆಗೆ ಮೊದಲೇ ಕೀಳಿಸಿದ್ದಳು. ಎಷ್ಟೋ ವರ್ಷ ಬಲಗಡೆಯಲ್ಲೇ ಅಗಿದು ಅಗಿದು ಅವಳ ದವಡೆ ಬಲಕ್ಕೆ ವಾಲಿತ್ತು, ಎಡಗೆನ್ನೆ ಒಳಕ್ಕೆ ಹೋಗಿತ್ತು. ಬಟ್ಟೆ ಆ ಗುಳಿಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಆಗ ಅಮ್ಮ ಒಳಗಿನಿಂದ ನಾಲಿಗೆ ಒತ್ತಿ ಕೆನ್ನೆಯನ್ನು ಉಬ್ಬಿಸಿ ಕೊಡುತ್ತಿದ್ದಳು. "ಗೋಡೆಗೆ ಸುಣ್ಣ ಬಳಿಯೋ ಹಾಗೆ ಒರೆಸ್ತೀಯಲ್ಲೇ, ಮೆತ್ತಗೆ" ಎನ್ನುತ್ತಿದ್ದಳು. ಬಟ್ಟೆ ತೆಗೆದ ಕೂಡಲೇ ಕೆನ್ನೆ ಮತ್ತೆ ಒಳಗೆ. ಅವಳು ನಕ್ಕರೆ ಆ ಕಡೆ ಮಾತ್ರ ಒಂದು ಮಡಿಕೆ ಬೀಳುತ್ತಿತ್ತು, ಕರ್ಚೀಫು ಮಡಿಸಿದ ಹಾಗೆ.

ಮಣ್ಣಿನ ಎಡಗೆನ್ನೆ ದುಂಡಗಿದೆ. ಅದು ನನ್ನ ಕೆನ್ನೆ. ನೀರು ಸವರುವಾಗ ನನ್ನ ಅಂಗೈ ಎಲ್ಲೂ ಇಳಿಯದೆ ಜಾರಿಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ಇದನ್ನು ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೇಳಿದರೆ ಅಪ್ಪ ಮೊದಲಿನಿಂದ ಶುರು ಮಾಡುತ್ತಾನೆ, ನನ್ನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸುತ್ತಾನೆ. ಹೇಳದಿದ್ದರೆ ಎಂದಾದರೂ ಒಂದು ದಿನ ಮುಗಿಯುತ್ತದೆ.

ಮುಗಿಯಲೇಬೇಕಾಗಿತ್ತು, ಏಕೆಂದರೆ ಹಲ್ಲಿನ ಮೇಡಂ ಸೋಮವಾರ ಹೊರಡುವವರಿದ್ದರು.

ಅವರು ಹಲ್ಲಿನ ಡಾಕ್ಟರಲ್ಲ, ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವವರು. ಅವರ ಲ್ಯಾಬಿಗೆ ನಯವಾದ ಪ್ಲಾಸ್ಟರ್ ಹೋಗುವುದು ನಮ್ಮಲ್ಲಿಂದ. ಅಣ್ಣನ ವ್ಯಾನಿನಲ್ಲಿ ಚೀಲದ ಜೊತೆ ನಾನು ಹೋಗುತ್ತೇನೆ. ಅವನು ಬಿಟ್ಟು ಹೋಗಿ ವಾಪಸು ಬರುವಾಗ ಕರೆದುಕೊಳ್ಳುತ್ತಾನೆ. ಮನೆಯ ಹೊರಗೆ ನಾನು ಒಬ್ಬಳೇ ಇರುವುದು ಆ ಒಂದು ಗಂಟೆ ಮಾತ್ರ. ಅಲ್ಲಿನ ಕಿಟಕಿಗಳೆಲ್ಲ ತೆರೆದಿರುತ್ತವೆ. ಒಂದು ದಿನ ಸುಮ್ಮನೆ ಕೂತಿರಲಾರದೆ, ಮೇಜಿನ ಮೇಲಿದ್ದ ಒಂದು ಹಲ್ಲಿನ ಅಚ್ಚಿನಲ್ಲಿ ಗಾಳಿಗುಳ್ಳೆಯ ತೂತನ್ನು ಒದ್ದೆ ಕುಂಚದ ತುದಿಯಿಂದ ಮುಚ್ಚಿಬಿಟ್ಟೆ. ಮೇಡಂ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿ ಕಲಿತೆ ಇದನ್ನ?"

"ನಾನು ಒಂಬತ್ತಕ್ಕೇ ಸ್ಕೂಲು ಬಿಟ್ಟೆ, ಮೇಡಂ."

"ನಾನು ಕೇಳಿದ್ದು ಅದಲ್ಲ. ಸರಿ ಬಿಡು, ಮಾರ್ಕ್ಸ್ ಕಾರ್ಡು ಯಾರಿಗೆ ಬೇಕು, ಅದು ಕಚ್ಚತ್ತಾ ಅಗಿಯತ್ತಾ? ನಿನ್ನ ಕೈ ಕೊಡ್ತೀಯಾ ನಂಗೆ?"

ಕೆಲಸಕ್ಕೆ ಬಾ ಎಂದು ಅರ್ಥ. ಮೂರು ತಿಂಗಳ ಹಿಂದೆ ಅವರೇ ಮನೆಗೆ ಬಂದು ಅಪ್ಪನನ್ನು ಕೇಳಿದರು. ಲ್ಯಾಬನ್ನು ದೊಡ್ಡ ಊರಿಗೆ ಸಾಗಿಸುತ್ತಿದ್ದರು, ಮೂರು ಗಂಟೆಯ ದಾರಿ. ಲ್ಯಾಬಿನ ಮೇಲೆಯೇ ಕೋಣೆ, ಇನ್ನಿಬ್ಬರು ಹುಡುಗಿಯರ ಜೊತೆ. ಅಪ್ಪ ಇಲ್ಲ ಎನ್ನಲಿಲ್ಲ. "ಮುಖ ಒಂದು ಮುಗೀಲಿ, ಆಮೇಲೆ ಕಳಿಸ್ತೀನಿ" ಎಂದ. ಅಂದಿನಿಂದ ನಾನು ಎಂದೂ ಇಲ್ಲದಷ್ಟು ಅಲುಗಾಡದೆ ಕೂತೆ, ಮೊಟ್ಟೆ ಕೇಳಿ ಹಾಕಿಸಿಕೊಂಡು ತಿಂದೆ.

ಗುರುವಾರ ನಾನು ಹೋದಾಗ ಲ್ಯಾಬಿನಲ್ಲಿ ಎಲ್ಲೆಲ್ಲೂ ರಟ್ಟಿನ ಡಬ್ಬಿಗಳು. ಮೇಡಂ ಶೆಲ್ಫು ಖಾಲಿ ಮಾಡುತ್ತಿದ್ದರು.

"ಸೋಮವಾರ ಬೆಳಿಗ್ಗೆ ಏಳಕ್ಕೆ ಲಾರಿ ಹೊರಡತ್ತೆ. ನೀನು ಬಂದ್ರೆ ನೀನು. ಬರ್ಲಿಲ್ಲ ಅಂದ್ರೆ ಅಲ್ಲೇ ಒಬ್ಬಳನ್ನ ನೋಡಿಟ್ಟಿದೀನಿ. ಇನ್ನು ಕಾಯೋಕಾಗಲ್ಲ ಕಣಮ್ಮ, ಬೇಜಾರು ಮಾಡ್ಕೋಬೇಡ."

"ಬರ್ತೀನಿ ಮೇಡಂ. ಶನಿವಾರ ಎಲ್ಲರೂ ನೋಡಿ ಒಪ್ಪಿದ್ರೆ ಭಾನುವಾರ ಅಚ್ಚು ತೆಗಿಯೋದಂತೆ."

"ಹೌದಾ? ಅಬ್ಬಾ, ಅಂತೂ ಮುಗೀತಾ!" ಎಂದವರು ಮೇಲಿನ ಶೆಲ್ಫಿನಿಂದ ಒಂದು ಸಣ್ಣ ಡಬ್ಬಿ ಇಳಿಸಿ ನನ್ನ ಕೈಗಿಟ್ಟರು. "ತಗೋ, ಇದು ನಿಮ್ಮನೇದೇ. ನಿಮ್ಮಮ್ಮಂಗೆ ಹಲ್ಲು ಕಟ್ಟೋಕೆ ಅಂತ ತೆಗೆದಿದ್ದ ಅಳತೆ. ಅಷ್ಟರಲ್ಲಿ ಅವರಿಗೆ ಹುಷಾರು ತಪ್ತು. ಬಿಸಾಕೋಕೆ ಮನಸು ಬರ್ಲಿಲ್ಲ."

ಡಬ್ಬಿಯಲ್ಲಿ ಪ್ಲಾಸ್ಟರಿನ ಎರಡು ದವಡೆಗಳು, ಮೇಲಿನದು, ಕೆಳಗಿನದು. ಹಳದಿ ತಿರುಗಿದ್ದವು. ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು. ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಎರಡನ್ನೂ ಒಂದರ ಮೇಲೊಂದು ಇಟ್ಟೆ. ಅವು ನೇರವಾಗಿ ಕೂರಲಿಲ್ಲ. ಕೆಳಗಿನದು ಬಲಕ್ಕೆ ಸರಿದು, ತನ್ನ ಜಾಗ ತಾನೇ ಹುಡುಕಿಕೊಂಡು ಕಟ್ ಎಂದು ಕೂತಿತು. ಎಡಗಡೆ ನನ್ನ ಕಿರುಬೆರಳು ಹೋಗುವಷ್ಟು ಖಾಲಿ.

ಅಮ್ಮನ ಬಾಯಿ. ಅಪ್ಪ ಹನ್ನೊಂದು ತಿಂಗಳಿಂದ ಹುಡುಕುತ್ತಿದ್ದ ಅಳತೆ ಇಡೀ ಜಗತ್ತಿನಲ್ಲಿ ಇದೊಂದೇ ಇತ್ತು, ಅದು ನನ್ನ ಮಡಿಲಲ್ಲಿತ್ತು.

"ಏನದು ಡಬ್ಬಿ?" ಎಂದ ಅಣ್ಣ, ಕನ್ನಡಿಯಲ್ಲಿ ನೋಡುತ್ತ.

"ಏನಿಲ್ಲ. ಕುಂಚ."

ಡಬ್ಬಿಯನ್ನು ಟ್ರಂಕಿನ ತಳದಲ್ಲಿ, ಬಟ್ಟೆಗಳ ಕೆಳಗೆ ಇಟ್ಟೆ. ಟ್ರಂಕು ಆಗಲೇ ತುಂಬಿತ್ತು, ಸೋಮವಾರಕ್ಕೆ.

ಶನಿವಾರ ಸಂಜೆ ಅಪ್ಪ ಎಲ್ಲರನ್ನೂ ಕೆಲಸದ ಕೋಣೆಗೆ ಕರೆದ. ತಾನೇ ಬಟ್ಟೆ ಬಿಚ್ಚಿದ. ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದ, ಹೆಣ್ಣು ನೋಡಲು ಹೊರಟವನ ಹಾಗೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವಳೇ ಕಣೋ. ಕೂಗಿದ್ರೆ ಓ ಅನ್ನೋ ಹಾಗಿದಾಳೆ. ಮುಖದಲ್ಲಿ ಎಷ್ಟು ಕಳೆ ನೋಡು! ಕಾಯಿಲೆ ಮುಖ ಬರ್ಲಿಲ್ಲ, ಒಳ್ಳೇದಾಯ್ತು."

ಅಣ್ಣ ಸುತ್ತ ಒಂದು ಸಲ ಬಂದ. ಏನೋ ತಮಾಷೆ ಮಾಡಲು ಬಾಯಿ ತೆಗೆದು ಮುಚ್ಚಿದ. "ಚೆನ್ನಾಗಿದೆ ಅಪ್ಪಾ" ಎಂದ. ಆಮೇಲೆ ನನ್ನ ಕಡೆ ನೋಡಿದ, ಮಣ್ಣಿನ ಕಡೆ ನೋಡಿದ, ಮತ್ತೆ ನನ್ನ ಕಡೆ. ಅವನಿಗೂ ಗೊತ್ತಾಯಿತೆಂದು ನನಗನಿಸಿತು.

"ನೀನು ಹೇಳು" ಎಂದ ಅಪ್ಪ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವನು ನನ್ನನ್ನು ಏನನ್ನಾದರೂ ಕೇಳಿದ್ದು. "ಕೊನೇವರೆಗೂ ಅವಳ ಹತ್ರ ಇದ್ದೋಳು ನೀನು. ಇದು ನಿಮ್ಮಮ್ಮನೇ ತಾನೇ?"

ಮಣ್ಣಿನ ಮುಖ ಎದುರು ಗೋಡೆಯ ಮೊಳೆಯನ್ನು ನೋಡುತ್ತಿತ್ತು.

"ಹೌದು" ಎಂದೆ.

ಅಷ್ಟೇ. ಒಂದು ಮಾತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ಸೋಮವಾರ ಇವಳನ್ನ ಲ್ಯಾಬಿಗೆ ಬಿಟ್ಟು ಬಾರೋ" ಎಂದ ಅಣ್ಣನಿಗೆ.

ಭಾನುವಾರ ಬೆಳಿಗ್ಗೆ ಅಪ್ಪ ಅಚ್ಚಿಗೆ ಎಲ್ಲ ಸಜ್ಜು ಮಾಡಿದ. ಅಚ್ಚು ಎರಡು ಹೋಳಾಗಿ ಬಿಡಿಸಲು ಬರಬೇಕೆಂದು ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಇನ್ನೊಂದು ಕಿವಿಯವರೆಗೆ ತಗಡಿನ ಸಣ್ಣ ಪಟ್ಟಿಗಳನ್ನು ಮಣ್ಣಿಗೆ ಸಾಲಾಗಿ ಚುಚ್ಚಿದ. ಮೊದಲ ಪದರದ ಪ್ಲಾಸ್ಟರ್ ಪುಡಿಗೆ ನೀಲಿ ಬೆರೆಸಿಟ್ಟ, ಆಮೇಲೆ ಎರಕದ ಮೇಲಿನ ಅಚ್ಚನ್ನು ಒಡೆಯುವಾಗ ನೀಲಿ ಕಂಡರೆ ಉಳಿ ಮೆತ್ತಗೆ ಹೊಡೆಯಬೇಕೆಂದು ತಿಳಿಯಲಿ ಎಂದು. ಅಚ್ಚು ಬಿಡಿಸುವಾಗ ಒಳಗಿನ ಮಣ್ಣನ್ನು ತೋಡಿ ತೆಗೆದುಬಿಡುತ್ತಾರೆ. ಆಮೇಲೆ ಆ ಮುಖ ಮಣ್ಣಿನಲ್ಲಿ ಇರುವುದಿಲ್ಲ. ಸರಿ ಮಾಡಲು ಏನೂ ಉಳಿದಿರುವುದಿಲ್ಲ.

"ಕೊನೇ ಸಲ ಒರೆಸಿಬಿಡು" ಎಂದ ಅಪ್ಪ. "ಒಂದು ಧೂಳಿನ ಕಣ ಇರ್ಬಾರ್ದು."

ಬಟ್ಟೆ ಅದ್ದಿ ಹಿಂಡಿದೆ. ಹಣೆ ಒರೆಸಿದೆ, ರೆಪ್ಪೆ, ಮೂಗಿನ ಎರಡು ಬದಿ. ಎಡಗೆನ್ನೆಗೆ ಬಂದಾಗ ನನ್ನ ಕೈ ತಾನಾಗಿ ನಿಂತಿತು. ಮೂರು ವರ್ಷದ ರೂಢಿ. ಒಳಗಿನಿಂದ ನಾಲಿಗೆ ಒತ್ತಿ ಕೊಡಲಿ ಎಂದು ಅದು ಕಾಯುತ್ತಿತ್ತು. ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ.

"ಏನಾಯ್ತು?" ಎಂದ ಅಪ್ಪ.

ಆಗ ನಾನು ಲೆಕ್ಕ ಹಾಕಿದೆ. ಬರೀ ಅಮ್ಮನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅಮ್ಮನದೇ ಅಳತೆ ಸಿಕ್ಕರೆ ಅಪ್ಪನಿಗೆ ಇನ್ನು ನನ್ನ ಮುಖ ಬೇಕಾಗುವುದಿಲ್ಲ. ಒಂದು ಕೆನ್ನೆ ಸರಿಪಡಿಸಲು ಎಷ್ಟು ಹೊತ್ತು, ಎರಡು ಗಂಟೆ? ಸಂಜೆಯೊಳಗೆ ಅಚ್ಚು ಮುಗಿಯುತ್ತದೆ. ಅಮ್ಮನೂ ಉಳಿಯುತ್ತಾಳೆ, ನಾನೂ ಹೋಗುತ್ತೇನೆ. ಹೀಗೆ ಯೋಚಿಸಿ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದೆ. ಟ್ರಂಕಿನ ತಳದಿಂದ ಡಬ್ಬಿ ತೆಗೆದೆ.

ಅಪ್ಪ ಎರಡು ದವಡೆಗಳನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಎಡಗಡೆಯ ಖಾಲಿ ಕಂಡ ಮೇಲೆ ಅಚ್ಚಿನವನಿಗೆ ಅದು ಯಾರದೆಂದು ಹೇಳಬೇಕಾಗಲಿಲ್ಲ. ಕೆಳಗಿನದನ್ನು ಮೇಲಿನದಕ್ಕೆ ಹೊಂದಿಸಿದ. ಅದು ಬಲಕ್ಕೆ ಸರಿದು ಕೂತಿತು. ತೆಗೆದು ಮತ್ತೆ ಹೊಂದಿಸಿದ, ಮತ್ತೆ ಬಲಕ್ಕೇ.

"ಯಾವಾಗಿಂದ ಇದು ನಿನ್ನ ಹತ್ರ ಇದೆ?"

"ಗುರುವಾರದಿಂದ."

"ನಿನ್ನೆ ಹೌದು ಅಂದ್ಯಲ್ಲ."

ನಾನು ನೆಲ ನೋಡಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕೇಲು ತೆಗೆದುಕೊಂಡು ಎಡಗಡೆಯ ಖಾಲಿ ಜಾಗ ಅಳೆದ, ಮಣ್ಣಿನ ಮೇಲೆ ಗುರುತು ಮಾಡಿದ, ತಂತಿಯ ಕುಣಿಕೆಯಿಂದ ಕೆನ್ನೆಯ ಮಣ್ಣು ಕೆರೆದ. ಅದು ಗುಳಿಬಿದ್ದ ಗೋಡೆಯ ಹಾಗೆ ಕಂಡಿತು. ಮತ್ತೆ ಮಣ್ಣು ಹಚ್ಚಿದ, ಮತ್ತೆ ಕೆರೆದ. ಮೂರನೆಯ ಸಲ ಅವನು ಕುಣಿಕೆಯನ್ನು ಕೆಳಗಿಟ್ಟ.

"ಹಲ್ಲಿನ ಅಳತೆ ಸಿಕ್ತು. ಮಾಂಸದ್ದು ಸಿಗ್ಲಿಲ್ಲ" ಎಂದ. "ಎಷ್ಟು ಒಳಗಿತ್ತು?"

"ಹೇಳೋಕೆ ಬರಲ್ಲ ಅಪ್ಪ."

"ಹಾಗಾದ್ರೆ ತೋರ್ಸು."

ನಾನು ಮುಂದೆ ಹೋಗಿ ಕಣ್ಣು ಮುಚ್ಚಿದೆ. ಬಟ್ಟೆ ಹಿಡಿದ ಹಾಗೆ ನಾಲ್ಕು ಬೆರಳು ಜೋಡಿಸಿ, ಕಿವಿಯ ಕೆಳಗಿನಿಂದ ಮುಂದಕ್ಕೆ ತಂದೆ. ಮೂಳೆ ಮುಗಿಯುವಲ್ಲಿ ಹೆಬ್ಬೆರಳು ಒತ್ತಿದೆ, ತುಟಿಯ ಕೊನೆಗೆ ಬರುವಾಗ ಬಿಟ್ಟೆ. ಸ್ವಲ್ಪ ಮಣ್ಣು ತೆಗೆದೆ, ಸ್ವಲ್ಪ ಕೂಡಿಸಿದೆ. ದವಡೆಯನ್ನು ಅಂಗೈಯಿಂದ ಬಲಕ್ಕೆ ತಳ್ಳಿದೆ. ಎಷ್ಟು ಹೊತ್ತಾಯಿತೋ, ಕೈ ಒಂದು ಕಡೆ ಇಳಿಯಿತು. ಜಾರಲಿಲ್ಲ, ಇಳಿಯಿತು. ಅಮ್ಮ ಅಲ್ಲಿದ್ದಳು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳುವಷ್ಟು ಹತ್ತಿರ ಇದ್ದಳು.

ಕಣ್ಣು ಬಿಟ್ಟಾಗ ಅಪ್ಪ ನನ್ನ ಸ್ಟೂಲಿನ ಮೇಲೆ ಕೂತಿದ್ದ. ಬಾಗಿಲಲ್ಲಿ ಅತ್ತೆ, ಅವಳ ಹಿಂದೆ ಅಣ್ಣ. ಅತ್ತೆ ಒಲೆಯ ಮೇಲೆ ಏನೋ ಇಟ್ಟು ಬಂದವಳು ಸೌಟು ಹಿಡಿದೇ ನಿಂತಿದ್ದಳು. "ಅಯ್ಯೋ, ಇವಳೇ ಕಣೋ" ಎಂದಳು, ಸಣ್ಣ ದನಿಯಲ್ಲಿ. "ನಿನ್ನೆ ನಾವು ನೋಡಿದ್ದು ಯಾರನ್ನ ಹಾಗಾದ್ರೆ?"

ಯಾರೂ ನನ್ನ ಕಡೆ ನೋಡಲಿಲ್ಲ.

ಗಂಟೆ ಹನ್ನೊಂದು. ಇನ್ನೂ ಸಮಯವಿತ್ತು. "ಅಪ್ಪ, ನೀಲಿ ಪ್ಲಾಸ್ಟರ್ ಹಾಕೋಣ?" ಎಂದೆ.

ಅಪ್ಪ ಎದ್ದು ಬಂದು ಮುಖದ ಎದುರು ನಿಂತ. ಎಡಗೆನ್ನೆ ನೋಡಿದ, ಆಮೇಲೆ ಮೂಗು, ಹಣೆ, ಕಣ್ಣು. "ಈ ಕೆನ್ನೆ ಮೇಲೆ ಈ ಮೂಗು ಕೂರಲ್ಲ" ಎಂದ. ನಿಜ, ನನಗೂ ಆಗ ಕಂಡಿತು. ಒಂದು ಕಡೆ ಅಮ್ಮ, ಉಳಿದೆಲ್ಲ ಕಡೆ ನಾನು. ಒಂದು ಸರಿಯಾದ ಕೂಡಲೇ ಉಳಿದದ್ದೆಲ್ಲ ತಪ್ಪೆಂದು ಎದ್ದು ಕಾಣುತ್ತಿತ್ತು. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಪ್ಪ ತಗಡಿನ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ. ಟಿಣ್, ಟಿಣ್ ಎಂದು ಸದ್ದು. ಆಮೇಲೆ ಎರಡೂ ಕೈಯಿಂದ ಮೂಗನ್ನು ಹಿಡಿದು ಕಿತ್ತ. ಹಣೆಯನ್ನು ಕಿತ್ತ. ಬಲಗೆನ್ನೆಯನ್ನು ಕಿತ್ತ. ಎಡಗೆನ್ನೆಯನ್ನು ಮುಟ್ಟಲಿಲ್ಲ.

"ಹನ್ನೊಂದು ತಿಂಗಳು ನಿನ್ನ ಮುಖ ಕೂರಿಸ್ದೆ" ಎಂದ. "ತಪ್ಪು ನಂದು. ಕೂರಿಸ್ಬೇಕಾಗಿದ್ದು ನಿನ್ನ ಕೈನ." ಕಿತ್ತ ಮಣ್ಣನ್ನು ಹಲಗೆಯ ಮೇಲೆ ನಾದಿ, ಒಂದು ಉಂಡೆ ಮಾಡಿ ನನ್ನ ಅಂಗೈಗೆ ಇಟ್ಟ. ಅವನ ಮುಖದಲ್ಲಿ ಇಂಥ ಬೆಳಕು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ. "ಪೂರ್ತಿ ನೀನೇ ಮಾಡು ಮಗಳೇ. ಮಣ್ಣು ನಾನು ಹದ ಮಾಡಿ ಕೊಡ್ತೀನಿ. ಎಷ್ಟು ತಿಂಗಳಾದ್ರೂ ಆಗ್ಲಿ, ನಂಗೇನು ಅವಸರ ಇಲ್ಲ."

"ಲ್ಯಾಬು..." ಎಂದೆ.

"ಊರೋರ ಹಲ್ಲು ಕಟ್ಟೋದು ಹೆಚ್ಚೋ, ಹೆತ್ತವಳ ಮುಖ ಹೆಚ್ಚೋ?" ಎಂದಳು ಅತ್ತೆ. ಕೋಪದಿಂದಲ್ಲ, ಸಮಾಧಾನ ಮಾಡುವ ಹಾಗೆ. ನನ್ನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿದಳು. "ನಿನ್ನ ಗೂಬೆ ಅಂತಿದ್ನಲ್ಲ, ನಾನೇ ಗೂಬೆ. ಬೆರಳಲ್ಲಿ ಇಷ್ಟು ಇಟ್ಕೊಂಡಿದೀಯ. ಇದನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ?"

ಅಣ್ಣ ವ್ಯಾನಿನ ಬೀಗದ ಕೈಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ. ನಾನು ಅವನ ಕಡೆ ನೋಡಿದೆ. ಅವನು ಬೀಗದ ಕೈ ನೋಡಿದ.

ಮಧ್ಯಾಹ್ನ ಮೂರಕ್ಕೆ ಗಾಜಿನಿಂದ ಬೆಳಕು ಬಂದಾಗ ನಾನು ಮಣ್ಣಿನ ಎದುರಿಗಿದ್ದೆ. ಕೈ ತಾನಾಗಿ ನಡೆಯುತ್ತಿತ್ತು, ಅದಕ್ಕೇ ಹೆದರಿಕೆಯಾಗುತ್ತಿತ್ತು. ಬಲಗಣ್ಣಿನ ರೆಪ್ಪೆ ಬಂತು. ಇಷ್ಟು ಚೆನ್ನಾಗಿ ಬರಬಾರದು ಎಂದು ಬೇಕೆಂದೇ ಕೆಡಿಸಲು ನೋಡಿದೆ. ಕೆಡಿಸಲು ಬೆರಳು ಒಪ್ಪಲಿಲ್ಲ. ಅಮ್ಮನ ಮುಖವನ್ನು ಕೆಡಿಸುವುದು ಹೇಗೆ? ಟ್ರಂಕು ಒಳಗಿನ ಕೋಣೆಯಲ್ಲಿ ಬಾಯಿ ತೆರೆದುಕೊಂಡೇ ಇತ್ತು, ಬೆಳಿಗ್ಗೆ ಡಬ್ಬಿ ತೆಗೆದವಳು ಮುಚ್ಚಿರಲಿಲ್ಲ.

ಐದಕ್ಕೆ ಬೆಳಕು ಹೋಯಿತು. ನಾನು ಬಕೆಟ್ಟಿನ ಕಡೆ ಬಗ್ಗಿದೆ. "ನೀನು ಮುಟ್ಬೇಡ" ಎಂದ ಅಪ್ಪ. "ತಣ್ಣೀರು. ಬೆರಳು ಜೋಪಾನ." ತಾನೇ ತೋಳು ಮಡಿಸಿ ಬಟ್ಟೆ ಅದ್ದಿದ, ಹಿಂಡಿದ, ಅರ್ಧ ಮುಖದ ಮೇಲೆ ಮೆತ್ತಗೆ ಹೊದಿಸಿದ. ಗೋಣಿ ಹೊದಿಸಿದ. ಅತ್ತೆ ಪ್ಲಾಸ್ಟಿಕ್ ಹಾಳೆಯ ಇನ್ನೊಂದು ತುದಿ ಹಿಡಿದಳು. ಅಣ್ಣ ಬಾಗಿಲ ಕಂಬಳಿಯನ್ನು ಎಳೆದು ಸರಿಮಾಡಿದ, ಕೆಳಗೆ ಗಾಳಿ ಬರುವಲ್ಲಿ ಕಾಲಿನಿಂದ ಒತ್ತಿದ. ಮೂವರೂ ಮಾತಿಲ್ಲದೆ ಮಾಡುತ್ತಿದ್ದರು, ಮಲಗಿದವರನ್ನು ಎಬ್ಬಿಸಬಾರದೆಂಬ ಹಾಗೆ.

ನಾನು ಮಣ್ಣಾದ ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತಿದ್ದೆ.

"ಅಪ್ಪ, ನಾಳೆ ಏಳಕ್ಕೆ ಲಾರಿ ಹೊರಡತ್ತೆ" ಎಂದೆ.

ಬಕೆಟ್ಟಿನಲ್ಲಿ ನೀರು ತೊಟ್ಟಿಕ್ಕಿತು. ಅಪ್ಪ ಪ್ಲಾಸ್ಟಿಕ್ಕಿನ ಅಂಚನ್ನು ಹಲಗೆಯ ಕೆಳಗೆ ಮಡಿಸುತ್ತಿದ್ದ, ನಾಲ್ಕು ಮೂಲೆ, ಒಂದೊಂದಾಗಿ. ನನ್ನ ಮಾತು ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಬಾಯಿ ತೆಗೆದೆ. ಆ ಕೋಣೆಯಲ್ಲಿ ನಾನು ಅಷ್ಟು ಜೋರಾಗಿ ಯಾವತ್ತೂ ಮಾತಾಡಿರಲಿಲ್ಲ.

"ಅಪ್ಪ, ನಾಳೆ ನನ್ನ ಕಳ್ಸು."